ಇನ್‌ಸ್ಪೆಕ್ಟರ್ ಉಚ್ಚೆಂಗಪ್ಪನ ಬಾಯಿಮಾತು

೧೨ ನವೆಂಬರ್ ೧೯೮೬, ಬುಧವಾರ

ಆಪರೇಷನ್ ಮುಗಿಯಿತು. ಪ್ರಾಸ್ಟೇಟ್ ಎಂಬ ಗ್ರಂಥಿ ಅಡಿಕೆಯಷ್ಟಿರಬೇಕಾದದ್ದು ನಿಂಬೆಹಣ್ಣಿನಷ್ಟಾಗಿ ಮೂತ್ರದ ದಾರಿಗೆ ಅಡ್ಡ ಕೂತಿತ್ತಂತೆ. ಡಾಕ್ಟರು ಅದನ್ನು ಕಿತ್ತು ಬಾಟಲಿಗೆ ಹಾಕಿ ನನ್ನ ಹೆಂಡತಿಗೆ ತೋರಿಸಿದ. ಸುವರ್ಣಮ್ಮ ಬಾಟಲಿಗೆ ಕೈ ಮುಗಿದಳು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಒಂದು ದಿನ ಕೈ ಮುಗಿದವಳಲ್ಲ.

ಗಾಯಕ್ಕಿಂತ ನೋಡಲು ಬರುವವರ ಕಾಟ ದೊಡ್ಡದು. ಎಲ್ಲರ ಕೈಯಲ್ಲೂ ಬಾಳೆಹಣ್ಣು. ಹೊಸಪೇಟೆಯಲ್ಲಿ ಹುಟ್ಟಿದರೂ ಬಾಳೆಹಣ್ಣು, ಸತ್ತರೂ ಬಾಳೆಹಣ್ಣು. ಈ ಬಾಳೆಗೆಲ್ಲ ಕಾಲುವೆಯಿಂದ ಪಾಳಿ ಪ್ರಕಾರ ನೀರು ಬಿಡಿಸಿದವನು ನಾನು. ನೀರಾವರಿ ಇಲಾಖೆಯ ವರ್ಕ್ ಇನ್‌ಸ್ಪೆಕ್ಟರ್ ಉಚ್ಚೆಂಗಪ್ಪ, ರಾಯ ಕಾಲುವೆಯ ದಂಡೆ ಮೇಲೆ ನಿಂತು ಕೂಗಿದರೆ ತೋಟದ ಆಚೆ ತುದಿಯಲ್ಲಿ ಕದ್ದು ತೂಬು ಎತ್ತುತ್ತಿದ್ದವನ ಕೈ ನಿಂತುಬಿಡುತ್ತಿತ್ತು. ಅದೇ ರೈತರು ಈಗ ಸಾಲುಗಟ್ಟಿ ಬಂದು, ನನ್ನ ನೀರು ಕೊಳವೆಯಲ್ಲಿ ಇಳಿದು ಮಂಚದ ಕೆಳಗಿನ ಚೀಲಕ್ಕೆ ಸೇರುವುದನ್ನು ಕಣ್ತುಂಬ ನೋಡಿಕೊಂಡು ಹೋಗುತ್ತಿದ್ದಾರೆ.

ಆ ಚೀಲ ಬದಲಾಯಿಸಲು ಒಬ್ಬನಿದ್ದಾನೆ, ಗಾಯ ಕಟ್ಟುವ ಡ್ರೆಸ್ಸರ್ ಗಾದಿಲಿಂಗ. ಗಾದಿಗನೂರಿನವನು. ತಲೆಗೆ ಅರ್ಧ ಬಾಟಲಿ ಎಣ್ಣೆ, ಬಾಯಲ್ಲಿ ಸದಾ ಸಿನಿಮಾ ಹಾಡು. "ಇನ್‌ಸ್ಪೆಕ್ಟರ್ ಸಾಹೇಬ್ರ, ಇವತ್ತ ಕೆಂಪು ಕಡಿಮಿ ಆಗೇತ್ರಿ, ಚಲೋ ಬಣ್ಣ ಬಂದೈತಿ" ಎಂದು ಇಡೀ ವಾರ್ಡಿಗೆ ಕೇಳುವಂತೆ ಹೇಳುತ್ತಾನೆ. ಸೀರೆ ಅಂಗಡಿಯಲ್ಲಿ ಇರಬೇಕಾದವನು ಇಲ್ಲಿಗೆ ಬಂದು ಸೇರಿದ್ದಾನೆ.

೧೬ ನವೆಂಬರ್, ಭಾನುವಾರ

ಇವತ್ತು ಕೊಳವೆ ತೆಗೆದರು. ತೆಗೆದವನು ಅದೇ ಗಾದಿಲಿಂಗ. ಆಮೇಲೆ ನನ್ನನ್ನು ಬಚ್ಚಲಲ್ಲಿ ನಿಲ್ಲಿಸಿ, ನಲ್ಲಿ ತಿರುಗಿಸಿ, ಹೊರಗೆ ನಿಂತು, "ನೀರಿನ ಸದ್ದು ಕೇಳ್ಕೋಂತ ನಿಂದರ್ರಿ ಸಾಹೇಬ್ರ, ತಾನಾ ಬರ್ತೈತಿ" ಎಂದ. ಕಾಲುವೆ ದಂಡೆಯ ಮೇಲೆ ಜೀವ ಸವೆಸಿದವನಿಗೆ ಇವನು ನೀರಿನ ಪಾಠ ಹೇಳುತ್ತಾನೆ. ಬಂತು, ಅದು ಬೇರೆ ಮಾತು.

ವಾರ್ಡಿಗೆ ವಾಪಸು ಬಂದರೆ ಮಗಳು ಪಂಪಾ ನಗುತ್ತಿದ್ದಳು. ಗಾದಿಲಿಂಗ ಏನೋ ಹೇಳಿದ್ದನಂತೆ. ಶಾಲೆ ಬಿಟ್ಟ ಕೂಡಲೇ ದಿನಾ ಬಂದು ಕೂರುತ್ತಾಳೆ. ಪ್ರೈಮರಿ ಟೀಚರ್ ಆದವಳು ಆಸ್ಪತ್ರೆಯಲ್ಲಿ ಹಾಗೆ ಬಾಯಿ ಬಿಟ್ಟು ನಗಬಾರದು. ಮನೆಯಲ್ಲಿ ಅವಳು ಹೀಗೆ ನಕ್ಕದ್ದು ನನಗೆ ನೆನಪಿಲ್ಲ.

೪ ಡಿಸೆಂಬರ್, ಗುರುವಾರ

ಚಿತ್ತವಾಡ್ಗಿಯ ಮನೆಗೆ ಬಂದು ಎರಡು ವಾರವಾಯಿತು. ಗಾಯ ಮಾಗಿದೆ. ಮೂತ್ರ ಸರಾಗ. ಇನ್ನು ಯಾರ ಹಂಗೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ಹೊಸದೊಂದು ಶುರುವಾಗಿದೆ. ಎಡಗಣ್ಣಿನ ರೆಪ್ಪೆ ಬೀಳುತ್ತಿದೆ. ಬೆಳಿಗ್ಗೆ ಸರಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅರ್ಧ ಇಳಿದಿರುತ್ತದೆ, ಸಂಜೆಗೆ ಅಂಗಡಿ ಬಾಗಿಲು ಹಾಕಿದ ಹಾಗೆ ಪೂರ್ತಿ ಬಂದ್.

"ನಿದ್ದಿ ಸಾಲಂಗಿಲ್ಲ ನಿಮಗ" ಎಂದಳು ಸುವರ್ಣಮ್ಮ. ನಿದ್ದೆ ಬಿಟ್ಟರೆ ನನಗೆ ಬೇರೆ ಕೆಲಸವೇ ಇಲ್ಲ ಎಂಬುದು ಅವಳ ಕಣ್ಣಿಗೆ ಬಿದ್ದಿಲ್ಲ.

ಸಾಲದ್ದಕ್ಕೆ ಒಂದೊಂದು ವಸ್ತು ಎರಡೆರಡಾಗಿ ಕಾಣುತ್ತಿದೆ. ಸಂಜೆ ಹೆಂಡತಿಯ ತಮ್ಮ ಅಂಜಿನಯ್ಯ ಬಂದ. ಸೈಕಲ್ ಅಂಗಡಿ ಇಟ್ಟುಕೊಂಡು ಊರ ಪಂಚಾಯ್ತಿಯನ್ನೆಲ್ಲ ಪಂಚರ್ ಜೊತೆಗೇ ಮಾಡುವವನು. ಅವನು ಒಬ್ಬನಿದ್ದಾಗಲೇ ಸಹಿಸುವುದು ಕಷ್ಟ. ಇವತ್ತು ಇಬ್ಬರು ಅಂಜಿನಯ್ಯರು ಅಕ್ಕಪಕ್ಕ ಕೂತು ಒಂದೇ ಮಾತನ್ನು ಒಟ್ಟಿಗೆ ಆಡಿದರು.

೧೩ ಡಿಸೆಂಬರ್, ಶನಿವಾರ

ಊರಿಗೆ ಊರೇ ತೀರ್ಮಾನ ಮಾಡಿದೆ, ನನಗೆ ಲಕ್ವಾ ಹೊಡೆದಿದೆಯಂತೆ. ಅಂಜಿನಯ್ಯ ಮರಿಯಮ್ಮನಹಳ್ಳಿಯಿಂದ ಒಬ್ಬನನ್ನು ಕರೆತಂದ. ಅವನ ಬುಟ್ಟಿಯಲ್ಲಿ ಜೋಡಿ ಪಾರಿವಾಳ. ಅವುಗಳ ಬಿಸಿ ರಕ್ತ ಮುಖಕ್ಕೆ ಹಚ್ಚಿ, ಗಾಳಿ ತಾಗದ ಕೋಣೆಯಲ್ಲಿ ಕೂರಿಸಬೇಕಂತೆ. ಗಾಯ ನೋಡಿ ಹೋಗಲು ಬಂದಿದ್ದ ಗಾದಿಲಿಂಗನಾದರೂ ಬುದ್ಧಿ ಹೇಳಿಯಾನು ಅಂದುಕೊಂಡರೆ, ಅವನು ನನ್ನ ಕೆನ್ನೆ ಒತ್ತಿ ನೋಡಿ, "ಲಕ್ವಾನ ಇದ್ದಂಗ ಕಾಣ್ತೈತ್ರಿ. ಹಚ್ಚಿದ್ರ ಹಚ್ಚಲಿ ಬಿಡ್ರಿ, ನಮ್ಮ ಕಾಕಾಗ ಆರಾಮ ಆಗೇತಿ" ಎಂದ. ಬಿಳಿ ಅಂಗಿ ಹಾಕಿದ ಮಾತ್ರಕ್ಕೆ ಒಳಗಿನ ಬುದ್ಧಿ ಬದಲಾಗುವುದಿಲ್ಲ. ಪಾರಿವಾಳಗಳನ್ನು ನಾನೇ ಬುಟ್ಟಿ ತೆಗೆದು ಹಾರಿಸಿದೆ.

ಅವರಿಬ್ಬರೂ ಹೋದ ಮೇಲೆ ಅಂಜಿನಯ್ಯ ಹತ್ತಿರ ಜರುಗಿ ಕೂತು, "ಮಾವ, ಗಾದಿಲಿಂಗನ ಮನಿಯವ್ರು ನಮ್ಮ ಪಂಪಾನ ಕೇಳಾಕತ್ತಾರ" ಎಂದ.

ನನ್ನ ಚೀಲ ಬದಲಾಯಿಸಿದವನು ನನಗೆ ಅಳಿಯನೇ! ಜಾತಿಯಲ್ಲಿ ನಮ್ಮವರೇ, ಅಷ್ಟಾದರೆ ಆಯಿತೇ? ಅವನ ತಾಯಿ ಇವತ್ತಿಗೂ ತೋಟದಲ್ಲಿ ಗೊನೆ ಹೊರುವ ಆಳು. ನಾನು ಎದ್ದು ನಿಂತು ಬೈಯಲು ಶುರು ಮಾಡಿದೆ. ಮೊದಲ ಮಾತು ಸರಿಯಾಗಿ ಬಂತು. ಎರಡನೆಯದು ಮೂಗಿನಲ್ಲಿ ಹೋಯಿತು. ಮೂರನೆಯದಕ್ಕೆ ದನಿ ನೀರಾಗಿ, ನಾಲಿಗೆ ಹೊರಳದೆ, ಬರೀ ಊಂ ಊಂ ಎಂದೆ. ಸುವರ್ಣಮ್ಮ ಓಡಿಬಂದು ನನ್ನ ಬೆನ್ನು ಸವರುತ್ತಾ, "ಅಳಬ್ಯಾಡ್ರಿ, ಮಗಳ ಮದಿವಿ ಅಂದ್ರ ಎಲ್ಲಾರಿಗೂ ದುಃಖ ಆಗ್ತೈತಿ" ಎಂದಳು. ಅಂಜಿನಯ್ಯನೂ ಕಣ್ಣೊರೆಸಿಕೊಂಡ.

ನಾನು ಬೈಯುತ್ತಿದ್ದೆ.

೨೦ ಡಿಸೆಂಬರ್, ಶನಿವಾರ

ಹೊಸಪೇಟೆಯ ಡಾಕ್ಟರು ಶಕ್ತಿಯ ಗುಳಿಗೆ ಬರೆದುಕೊಟ್ಟ. ನುಂಗಲು ಶಕ್ತಿ ಯಾರು ಕೊಡುತ್ತಾರೆ?

೨ ಜನವರಿ ೧೯೮೭, ಶುಕ್ರವಾರ

ಈಗ ದವಡೆಯೂ ಕೈಕೊಟ್ಟಿದೆ. ಜೋಳದ ರೊಟ್ಟಿ ಅರ್ಧ ತಿನ್ನುವಷ್ಟರಲ್ಲಿ ಅಗಿಯುವುದು ನಿಂತುಹೋಗುತ್ತದೆ. ಗದ್ದಕ್ಕೆ ಕೈ ಕೊಟ್ಟು ಮೇಲೆತ್ತಿ, ಇಳಿಸಿ, ಮೇಲೆತ್ತಿ ತಿನ್ನಬೇಕು. ಪಂಪಾ ಏನೂ ಹೇಳದೆ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ತಂದಿಟ್ಟಳು. ಹಲ್ಲು ಬರದ ಕೂಸಿಗೆ ಇಟ್ಟ ಹಾಗೆ. ತಿಂದೆ. ಹಸಿವೆಗೆ ಮಾನ ಇರುವುದಿಲ್ಲ.

ಬೆಳಿಗ್ಗೆ ಬಾಯಿ ಇನ್ನೂ ಸರಿ ಇರುವಾಗಲೇ ಅವಳನ್ನು ಕೂರಿಸಿ ಹೇಳಿದೆ. ಈ ಸಂಬಂಧ ನನಗೆ ಸುತಾರಾಂ ಒಪ್ಪಿಗೆ ಇಲ್ಲ ಎಂದೆ. ಇವನಿಗಿಂತ ಎಷ್ಟೋ ಚೆನ್ನಾಗಿದ್ದವರನ್ನೇ ಬೇಡ ಎಂದವನು ನಾನು. ಕಂಪ್ಲಿಯ ಕಬ್ಬಿನ ಹುಡುಗ ಬಂದಿದ್ದ, ಸ್ವಂತ ಆಲೆಮನೆ ಇತ್ತು. ನನ್ನೆದುರೇ ಬೆಂಕಿಕಡ್ಡಿಯಲ್ಲಿ ಕಿವಿ ಕೆದಕಿಕೊಂಡ. ಸಂಡೂರಿನ ಗಣಿ ಆಫೀಸಿನ ಗುಮಾಸ್ತ ಬಂದ, ಕಾಲರಿನ ತುಂಬ ಕೆಂಪು ಧೂಳು. ಡ್ಯಾಂ ಕಾಲೊನಿಯ ಒಬ್ಬ ಬಂದ, ಅವನ ಅಪ್ಪ ನನ್ನ ಕೈಕೆಳಗೆ ಕೆಲಸ ಮಾಡಿದವನು. ಅಂಥವರ ಮನೆಗೆ ನನ್ನ ಮಗಳು ಹೋಗುವುದೇ?

ಪಂಪಾ ಬಟ್ಟಲು ಎತ್ತಿಕೊಂಡು ಎದ್ದು ನಿಂತಳು. "ಅಪ್ಪಾ, ನೀ ಬ್ಯಾಡ ಅಂದೆಲ್ಲ, ಆ ಡ್ಯಾಂ ಕಾಲನಿಯವ್ನ ಮಗಳಿಗೆ ಅಕ್ಷರ ನಾನ ಕಲಿಸಾಕತ್ತೀನಿ. ಈಗ ಎರಡನೇ ಕ್ಲಾಸು" ಎಂದಳು.

ಅವಳು ಜೋರು ದನಿಯಲ್ಲಿ ಹೇಳಲಿಲ್ಲ. ನನಗೆ ಉತ್ತರ ಕೊಡಬಹುದಿತ್ತು, ಬಾಯಿ ಇನ್ನೂ ಚೆನ್ನಾಗಿಯೇ ಇತ್ತು. ಅವಳಿಗೆ ಶಾಲೆಗೆ ಹೊತ್ತಾಗಿತ್ತು ಎಂದು ಸುಮ್ಮನಾದೆ.

೧೧ ಜನವರಿ, ಭಾನುವಾರ

ಗಾದಿಲಿಂಗನ ಕಡೆಯವರು ಬಂದರು. ನಾನು ಬರಹೇಳಿದ್ದಲ್ಲ, ತಾಯಿ ಮಗಳು ಅಂಜಿನಯ್ಯ ಸೇರಿ ಮಾಡಿದ ಏರ್ಪಾಡು. ಒಂದೇ ಒಂದು ಸಲ ಎದುರು ಕೂತು ಮರ್ಯಾದೆಯಿಂದ ಮಾತಾಡಿ ಕಳಿಸಿರಿ, ಆಮೇಲೆ ನಿಮ್ಮ ಇಷ್ಟ ಎಂದು ಸುವರ್ಣಮ್ಮ ಕಾಲು ಹಿಡಿಯುವುದೊಂದು ಬಾಕಿ. ಒಪ್ಪಿದೆ. ಬೈಯುವುದಿಲ್ಲ ಎಂದು ಮಾತು ಕೊಟ್ಟೆ, ಅಷ್ಟೆ.

ಹುಡುಗನ ತಾಯಿ ಎರ್ರೆಮ್ಮ, ಅವರ ಕಡೆಯ ಹಿರಿಯ ಪಕ್ಕೀರಪ್ಪ, ಇನ್ನೊಂದಿಷ್ಟು ಜನ. ಹುಡುಗನನ್ನು ಮೊದಲ ಸಲ ಕರೆತರುವ ರೂಢಿ ಅವರಲ್ಲಿಲ್ಲ. ಎರ್ರೆಮ್ಮ ಗೊನೆ ಹೊತ್ತು ಹೊತ್ತು ಕುತ್ತಿಗೆಯೇ ಉಳಿಯದ ಹೆಂಗಸು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು ನನ್ನನ್ನೇ ನೋಡಿದಳು.

"ನಿಮ್ಮನ್ನ ನಾ ಬಲ್ಲೆ ಬಿಡ್ರಿ. ನನ್ನ ತವರುಮನಿ ಕಮಲಾಪುರ. ನಮ್ಮವ್ವ ಸತ್ತಾಗ ಎಲ್ಲಾರೂ ಹೆಣದ ಮುಂದ ಅಳ್ಕೋಂತ ಕುಂತಿದ್ವಿ. ನೀವು ಕಾಲಿವಿ ದಂಡಿ ಮ್ಯಾಲ ನಿಂತು ಯಾರಿಗೋ 'ಏಳಲೇ' ಅಂತ ಕೂಗಿದ್ರಿ. ಹೆಣ ಒಂದು ಬಿಟ್ಟು ಎಲ್ಲಾರೂ ಎದ್ದು ನಿಂತ್ವಿ ನೋಡ್ರಿ."

ನನಗೆ ನಗು ಬಂತು. ತಡೆಯಲಾಗದಷ್ಟು ಬಂತು. ಆ ದಿನ ನಾನು ಯಾರಿಗೆ ಕೂಗಿದ್ದೆ ಎನ್ನುವುದೂ ನೆನಪಾಯಿತು. ನಕ್ಕೆ.

ಎರ್ರೆಮ್ಮನ ಮುಖ ಕಪ್ಪಿಟ್ಟಿತು. ಪಕ್ಕೀರಪ್ಪ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. "ಏಳ್ರಿ ಎಲ್ಲಾರೂ. ಹೆಣದ ಮಾತು ಕೇಳಿ ಹಲ್ಲು ಕಿರಿಯೋ ಮನಿಯಾಗ ಸಕ್ರಿ ತಿನ್ನಾಕ ಬರಂಗಿಲ್ಲ" ಎಂದ. ನಾನು ಹಾಗಲ್ಲ ಎನ್ನಲು ಹೋದೆ. ಮಧ್ಯಾಹ್ನವಾಗಿತ್ತು, ದನಿ ಆಗಲೇ ಮೂಗಿಗೆ ಏರಿತ್ತು. ಅದು ಅಣಕಿಸಿದಂತೆ ಕೇಳಿಸಿತು. ಎದ್ದು ಹೋದರು.

ಪಂಪಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು. "ನೀ ಹಿಂಗ ಮಾಡ್ತಿ ಅಂತ ನನಗ ಮೊದಲಾ ಗೊತ್ತಿತ್ತು" ಎಂದು ಒಳಗೆ ಹೋದಳು.

೧೨ ಜನವರಿ, ಸೋಮವಾರ

ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದೆ. ತುಟಿಯ ತುದಿಗಳು ಮೇಲೇಳುವುದಿಲ್ಲ. ಮೇಲ್ದುಟಿ ಮಾತ್ರ ಹಿಂದಕ್ಕೆ ಸರಿದು ಹಲ್ಲುಗಳು ಹೊರಬರುತ್ತವೆ, ಬೀದಿ ನಾಯಿ ಗುರ್ ಎನ್ನುವ ಹಾಗೆ. ಮತ್ತೊಮ್ಮೆ ನಕ್ಕೆ. ಇನ್ನೂ ಕೆಟ್ಟದಾಗಿತ್ತು.

ನಾನು ಎಷ್ಟೋ ಜನರನ್ನು ಬೇಕೆಂದೇ ಹೀಯಾಳಿಸಿದ್ದೇನೆ. ಅದಕ್ಕೆ ಯಾರಾದರೂ ಸಿಟ್ಟಾದರೆ ನನಗೆ ಬೇಸರವಿಲ್ಲ. ನಿನ್ನೆ ನಾನು ನಿಜವಾಗಿ ನಕ್ಕಿದ್ದೆ. ಇದನ್ನು ಯಾರಿಗೆ ಹೇಳುವುದು? ಹೇಳಿದರೂ ನಂಬುವವರು ಈ ಮನೆಯಲ್ಲಿ ಯಾರಿದ್ದಾರೆ? ನನ್ನ ಮಗಳಿಗೇ ನಂಬಿಕೆ ಇಲ್ಲ.

ಸಿಟ್ಟು ಬರುತ್ತಿದೆ. ಸಿಟ್ಟು ಅಂದರೆ ಸಿಟ್ಟೇ, ಬೇರೇನೂ ಅಲ್ಲ.

೨೧ ಜನವರಿ, ಬುಧವಾರ

ಎರಡು ದಿನ ಬರೆಯಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಕುಡಿದ ನೀರು ಗಂಟಲಲ್ಲಿ ಇಳಿಯದೆ ಮೂಗಿನಿಂದ ಬಂತು, ಉಳಿದದ್ದು ಉಸಿರಿನ ದಾರಿಗೆ ಹೋಯಿತು. ಕೆಮ್ಮಲು ಶಕ್ತಿ ಇಲ್ಲ. ಸಾಯುತ್ತೇನೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಸುವರ್ಣಮ್ಮ ಬಾಯಿ ಬಾಯಿ ಬಡಿದುಕೊಂಡಳು. ಪಂಪಾ ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದಳು.

ಬಂದವನು ಗಾದಿಲಿಂಗ. ನನ್ನನ್ನು ಮಗ್ಗುಲಾಗಿ ಕೆಡವಿ, ಬಾಯಿಗೆ ಬೆರಳು ಹಾಕಿ, ತಂದಿದ್ದ ಕೊಳವೆಯಿಂದ ಗಂಟಲಲ್ಲಿ ಕಟ್ಟಿದ್ದನ್ನು ಎಳೆದು ತೆಗೆದ. ಆಮೇಲೆ ಬಾಡಿಗೆ ಕಾರಿನಲ್ಲಿ ಬಳ್ಳಾರಿಯವರೆಗೂ ನನ್ನ ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಹಾಡಲಿಲ್ಲ, ಮಾತೂ ಆಡಲಿಲ್ಲ. ಅವನ ತಾಯಿಗೆ ನಾನು ಹಲ್ಲು ಕಿರಿದದ್ದು ಅವನಿಗೆ ತಿಳಿಯದೇ ಇರುತ್ತದೆಯೇ? ಅವನು ಒಂದು ಮಾತು ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅಷ್ಟೂ ಬುದ್ಧಿ ಇಲ್ಲ.

ಬಳ್ಳಾರಿಯ ನರರೋಗದ ಡಾಕ್ಟರು ಸಣ್ಣ ವಯಸ್ಸಿನವನು, ಮೀಸೆ ಕೂಡ ಸರಿಯಾಗಿ ಬಂದಿಲ್ಲ. ಮೇಲೆ ನೋಡು, ನೋಡುತ್ತಲೇ ಇರು ಎಂದ. ರೆಪ್ಪೆ ಇಳಿದುಬಿತ್ತು. ಅಂಕಿ ಎಣಿಸು ಎಂದ. ಎಣಿಸುತ್ತ ಎಣಿಸುತ್ತ ದನಿ ಸತ್ತಿತು. ಅದನ್ನು ನೋಡಿ ಅವನಿಗೆ ಖುಷಿ! ತೋಳಿಗೆ ಒಂದು ಇಂಜೆಕ್ಷನ್ ಚುಚ್ಚಿ ಕೈಕಟ್ಟಿ ಕೂತ.

ಸ್ವಲ್ಪ ಹೊತ್ತಿಗೆ ಕಣ್ಣು ತೆರೆಯಿತು. ಎರಡೂ ಪೂರ್ತಿ ತೆರೆದವು. ಬಾಗಿಲಲ್ಲಿ ಒಬ್ಬನೇ ಗಾದಿಲಿಂಗ ನಿಂತಿದ್ದ, ಅಂಗಿಯ ಮೇಲೆಲ್ಲ ನಾನು ಕಕ್ಕಿದ್ದು. ಮಂಚದ ಪಕ್ಕದಲ್ಲಿ ಪಂಪಾ. ಅವಳ ಕಿವಿಯ ಹತ್ತಿರ ಕೂದಲು ನರೆತಿದೆ. ಬೆಳಕು ಚೆನ್ನಾಗಿತ್ತು, ಸರಿಯಾಗಿಯೇ ನೋಡಿದೆ. ಇದು ಯಾವಾಗ ಆಯಿತು? ನನಗೆ ಯಾರೂ ಹೇಳಲಿಲ್ಲ.

ದನಿಯೂ ಬಂದಿತ್ತು, ಹಳೆಯ ದನಿಯೇ. ಈ ಇಂಜೆಕ್ಷನ್ನಿನ ಗುಣ ಹೆಚ್ಚು ಹೊತ್ತು ಉಳಿಯುವುದಿಲ್ಲ, ಏನಾದರೂ ಹೇಳುವುದಿದ್ದರೆ ಹೇಳಿ ಎಂದ ಡಾಕ್ಟರು. ಬೈಯಬೇಕಾದವರ ಪಟ್ಟಿ ಉದ್ದವಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ನಾ ಆವತ್ತ ನಕ್ಕಿದ್ದೆ, ಪಂಪಾ. ಆ ಹೆಣ್ಮಗಳ ಮಾತು ಕೇಳಿ ಖರೇನಾ ನಗು ಬಂದಿತ್ತು."

ಪಂಪಾ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟಕ್ಕೆ ಅಳುವುದೇನಿದೆ ಎಂದು ನನಗೆ ಅರ್ಥವಾಗಲಿಲ್ಲ. ನನ್ನ ಕಣ್ಣಲ್ಲೂ ನೀರಿತ್ತು, ಅದು ಇಂಜೆಕ್ಷನ್ನಿಂದ.

ರೋಗದ ಹೆಸರು ಮಯಸ್ತೇನಿಯಾ ಗ್ರೇವಿಸ್. ಮೈ ಕಾಯಲು ಇರುವ ಒಳಗಿನ ಪಡೆಯೇ ದಾರಿ ತಪ್ಪಿ ನಮ್ಮ ಸ್ನಾಯುಗಳ ಮೇಲೆ ಬೀಳುತ್ತದಂತೆ. ಕಾಲುವೆ ಕಾಯುವ ಸೌಡಿಯೇ ತೂಬು ಒಡೆದ ಹಾಗೆ. ಅಂಥ ಸೌಡಿಗಳನ್ನು ನಾನು ಕಂಡಿದ್ದೇನೆ. ಹಾಗಾದರೆ ಆಪರೇಷನ್ ಮಾಡಿದವನ ತಪ್ಪೇ ಎಂದು ಆಸೆಯಿಂದ ಕೇಳಿದೆ. ಇಲ್ಲವಂತೆ. ರೋಗ ಮೊದಲೇ ಒಳಗೆ ಅಡಗಿದ್ದಿರಬೇಕು, ಆಪರೇಷನ್ನಿನ ದಣಿವಿಗೆ ಹೊರಗೆ ಬಂದಿದೆ, ಯಾರ ತಪ್ಪೂ ಅಲ್ಲ ಎಂದ. ಬೈಯಲು ಒಬ್ಬನೂ ಸಿಗದ ರೋಗ ನನಗೇ ಬರಬೇಕಿತ್ತು.

೨ ಫೆಬ್ರುವರಿ, ಸೋಮವಾರ

ಆಸ್ಪತ್ರೆಯಿಂದ ಬಿಟ್ಟು ಕಳಿಸಿದರು. ಈಗ ಮಾತ್ರೆಯ ಸಂಸಾರ. ಒಂದು ನುಂಗಿದರೆ ಅರ್ಧ ಗಂಟೆಗೆ ಮನುಷ್ಯನಾಗುತ್ತೇನೆ. ಊಟ, ಮಾತು, ಓದು ಎಲ್ಲ ಆಗಲೇ ಮುಗಿಸಬೇಕು. ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಹೆಚ್ಚು ನುಂಗಿದರೆ ಇನ್ನೂ ಶಕ್ತಿ ಹೋಗುತ್ತದೆ, ಉಸಿರೇ ನಿಂತೀತು ಎಂದು ಡಾಕ್ಟರು ಹೆದರಿಸಿದ್ದಾನೆ.

ಸುವರ್ಣಮ್ಮ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಹಣ್ಣು ಕಾಯಿ ಮಾಡಿಸಿ ಬಂದಳು. ಮಾತ್ರೆಯ ಹೆಸರು ಅವಳ ಬಾಯಿಗೆ ಹೊರಳುವುದಿಲ್ಲ, ಆದ್ದರಿಂದ ಪುಣ್ಯವೆಲ್ಲ ಅವನ ಪಾಲಿಗೆ.

ಅಂಜಿನಯ್ಯ ಬಂದಿದ್ದ, ಒಬ್ಬನೇ. ಗಾದಿಗನೂರಿನ ಕಡೆ ಹೋಗುವ ಕೆಲಸವಿದ್ದರೆ ಹಾಗೇ ಅವರ ಮನೆಗೂ ಹೋಗಿ, ನನ್ನ ನಗುವಿನ ವಿಷಯ ಹೇಳಿ ಬಾ ಎಂದೆ. ತಪ್ಪು ತಿಳಿವಳಿಕೆ ಇರಬಾರದು, ಅಷ್ಟಕ್ಕೆ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಆದರೂ ಆಗಿಂದಾಗಲೇ ಸೈಕಲ್ ಹತ್ತಿದ.

೯ ಫೆಬ್ರುವರಿ, ಸೋಮವಾರ

ಅಂಜಿನಯ್ಯ ಉತ್ತರ ತಂದ. ಗಾದಿಲಿಂಗ ತನ್ನ ತಾಯಿಗೆ ರೋಗದ ವಿಷಯ ಮೊದಲೇ ಹೇಳಿದ್ದನಂತೆ. ಎರ್ರೆಮ್ಮನಿಗೆ ಈಗ ಸಿಟ್ಟಿಲ್ಲ. ತಕರಾರು ಪಕ್ಕೀರಪ್ಪನದು. ಒಂದು ಸಲ ಅವಮಾನವಾಗಿದೆ, ಇನ್ನು ಹೆಣ್ಣಿನ ತಂದೆ ಎಲ್ಲರೆದುರು ಬಾಯಿಮಾತು ಕೊಟ್ಟರೆ ಮಾತ್ರ ಮುಂದಿನ ಮಾತು ಎಂದಿದ್ದಾನೆ.

ನಮ್ಮ ಮನೆತನಗಳಲ್ಲಿ ಬಾಯಿಮಾತು ಎಂದರೆ ಹುಡುಗಾಟವಲ್ಲ. ಹೆಣ್ಣಿನ ತಂದೆ ಕಂಬಳಿಯ ಮೇಲೆ ಕೂತು, ಎಲೆ ಅಡಿಕೆ ಕೈಯಲ್ಲಿ ಹಿಡಿದು, ಮಗಳ ಹೆಸರು ಹೇಳಿ, 'ಕೊಟ್ಟೆ' ಎಂದು ಮೂರು ಸಲ ಕೂಗಿ ಹೇಳಬೇಕು. ಅಂಗಳದ ಕೊನೆಯಲ್ಲಿ ಕೂತವನಿಗೂ ಕೇಳಬೇಕು. ದನಿ ಎತ್ತದಿದ್ದರೆ, ನಡುವೆ ನಿಂತರೆ, ಮನಸ್ಸಿಲ್ಲದೆ ಕೊಡುತ್ತಿದ್ದಾನೆ ಎಂದು ಬಂದವರು ಸಕ್ಕರೆ ಮುಟ್ಟದೆ ಏಳುತ್ತಾರೆ. ಹಾಗೆ ಎದ್ದ ಮೇಲೆ ಆ ಮನೆಗೆ ಅವರು ಮತ್ತೆ ಬರುವುದಿಲ್ಲ, ಅವರನ್ನು ನೋಡಿ ಬೇರೆಯವರೂ ಬರುವುದಿಲ್ಲ.

"ನಿಮ್ಮ ಬದ್ಲಿ ನಮ್ಮ ತಮ್ಮ ಹೇಳಲಿ ಬಿಡ್ರಿ. ಸೋದರಮಾವ ಹೇಳಿದ್ರೂ ನಡಿತೈತಿ" ಎಂದಳು ಸುವರ್ಣಮ್ಮ.

ಪಂಚರ್ ಹಾಕುವವನು ನನ್ನ ಮಗಳನ್ನು ಕೊಡುವುದೇ? ನಾನು ಇನ್ನೂ ಸತ್ತಿಲ್ಲ. ನಾನೇ ಹೇಳುತ್ತೇನೆ ಎಂದೆ. ಹೇಳಿಬಿಟ್ಟ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಈ ಸಂಬಂಧಕ್ಕೆ ನಾನು ಯಾವಾಗ ಒಪ್ಪಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಪ್ಪಿಲ್ಲ ಎಂದೇ ಹೇಳುತ್ತಿದ್ದೆ.

೧೮ ಫೆಬ್ರುವರಿ, ಬುಧವಾರ

ದನಿ ಉಳಿತಾಯ ಮಾಡುತ್ತಿದ್ದೇನೆ. ಹೆಚ್ಚು ಮಾತಾಡಿದ ದಿನ ಬೇಗ ಸೋಲುತ್ತದೆ, ಆದ್ದರಿಂದ ಮಾತೇ ಬಂದ್. ಹಾಲಿನವನು ನೀರು ಬೆರೆಸಿದ, ಬೈಯಲಿಲ್ಲ. ಪಕ್ಕದ ಮನೆ ವಿರುಪಮ್ಮ ನಮ್ಮ ಗೋಡೆಗೆ ಸಗಣಿಯ ಕುಳ್ಳು ತಟ್ಟಿದಳು, ಬೈಯಲಿಲ್ಲ. ಮನೆಗೆ ಬಂದು ಹೋಗುವವರು ಹೆಚ್ಚಾಗಿದ್ದಾರೆ. ಕಾರಣ ಗೊತ್ತಾಗುತ್ತಿಲ್ಲ. ಸುವರ್ಣಮ್ಮ ಅಡುಗೆಮನೆಯಲ್ಲಿ ಏನೋ ಹಾಡಿಕೊಳ್ಳುತ್ತಾಳೆ. ಅವಳಿಗೆ ಹಾಡು ಬರುತ್ತದೆ ಎನ್ನುವುದೇ ನನಗೆ ತಿಳಿದಿರಲಿಲ್ಲ. ಶ್ರುತಿ ಸರಿಯಿಲ್ಲ, ಆದರೂ ಹಾಡಲಿ.

ಬೆಳಿಗ್ಗೆ ಮಾತ್ರೆ ನುಂಗಿ ಕಾಲುವೆ ದಂಡೆಗೆ ಹೋಗಿ ಒಂದೇ ಒಂದು ಸಲ ಅಭ್ಯಾಸ ಮಾಡುತ್ತೇನೆ. ಇವತ್ತು "ಕೊಟ್ಟೆ" ಎಂದು ಕೂಗಿದ ಕೂಡಲೇ ಬಾಳೆಯ ಮರೆಯಿಂದ ಒಬ್ಬ ರೈತ ಎದ್ದುಬಂದು, "ನೀರು ಕೊಟ್ರೇನ್ರಿ ಸಾಹೇಬ್ರ? ದೇವ್ರಂಗ ಬಂದ್ರಿ" ಎಂದು ಅಡ್ಡಬಿದ್ದ. ರಿಟೈರ್ ಆದವನ ಹತ್ತಿರ ನೀರು ಕೇಳುವ ದಡ್ಡ. ನಕ್ಕೆ. ಹಲ್ಲು ನೋಡಿ ಓಡಿಹೋದ.

೬ ಮಾರ್ಚ್, ಶುಕ್ರವಾರ

ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಈಗ ಬೆಳಗಿನ ಮಾತ್ರೆ ನುಂಗಿ, ರೆಪ್ಪೆ ಎತ್ತಿಕೊಂಡ ಮೇಲೆ ಬರೆಯುತ್ತಿದ್ದೇನೆ.

ಬಾಯಿಮಾತಿಗೆ ಹತ್ತು ಗಂಟೆಗೆ ಎಂದು ಮುಹೂರ್ತ ಇಟ್ಟಿದ್ದರು. ಅದಕ್ಕೆ ಹೊಂದಿಸಿ ಒಂಬತ್ತೂವರೆಗೆ ಮಾತ್ರೆ ನುಂಗಿ, ಧೋತರ ಉಟ್ಟು, ರುಮಾಲು ಸುತ್ತಿ, ಕಂಬಳಿಯ ಮೇಲೆ ಕೂತೆ. ಗಾದಿಗನೂರಿನವರ ಪತ್ತೆಯಿಲ್ಲ. ರೈಲ್ವೆ ಗೇಟ್ ಹಾಕಿತ್ತಂತೆ, ಗೇಟ್ ತೆಗೆದರೆ ಮುಂದೆ ಅದಿರಿನ ಲಾರಿ ರಸ್ತೆಗೆ ಅಡ್ಡ ಕೆಟ್ಟು ನಿಂತಿತ್ತಂತೆ. ಟ್ರ್ಯಾಕ್ಟರ್ ತುಂಬ ಜನ ಬಂದಿಳಿದಾಗ ಬಿಸಿಲು ನೆತ್ತಿಗೆ ಏರಿತ್ತು, ನನ್ನ ರೆಪ್ಪೆ ಇಳಿಯುತ್ತಿತ್ತು. ಮುಂದಿನ ಮಾತ್ರೆಯ ಹೊತ್ತು ಇನ್ನೂ ಬಂದಿರಲಿಲ್ಲ. ನುಂಗಿಬಿಡಲೇ ಎಂದು ಜೇಬಿಗೆ ಕೈ ಹಾಕಿದೆ. ಗಾದಿಲಿಂಗ ಹೊಸ ಅಂಗಿ ಹಾಕಿಕೊಂಡು ಎದುರಿಗೇ ಕೂತಿದ್ದವನು ತಲೆಯಲ್ಲಾಡಿಸಿದ. ಬೇಡ ಎಂದ. ಅವನ ಮದುವೆ ನಿಂತುಹೋಗುತ್ತಿತ್ತು, ಆದರೂ ಬೇಡ ಎಂದ. ಮೂರ್ಖ.

ಎರ್ರೆಮ್ಮ ನನ್ನ ಪಕ್ಕದಲ್ಲೇ ಬಂದು ಕೂತಳು. ಬೀಗತಿ ಬಂದಳಲ್ಲ ಎಂದು ಸುಮ್ಮನೆ ನಕ್ಕೆ. ಅವಳ ಜೊತೆ ಬಂದಿದ್ದ ಮುದುಕಿಯೊಬ್ಬಳು ಬೆಚ್ಚಿ ಹಿಂದೆ ಸರಿದಳು. "ಅಂಜಬ್ಯಾಡ ಚಿಗವ್ವ, ಅದು ಅವ್ರ ನಗು" ಎಂದಳು ಎರ್ರೆಮ್ಮ.

ಪಕ್ಕೀರಪ್ಪ ಎಲೆ ಅಡಿಕೆ ಕೈಗೆ ಕೊಟ್ಟ. ನಾನು ಉಸಿರೆಳೆದು, "ನನ್ನ ಮಗಳು ಪಂಪಮ್ಮನ್ನ ಕೊಟ್ಟೆ" ಎಂದೆ. ಹಳೆಯ ದನಿ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಎರಡನೆಯ ಸಲ ಹೆಸರಿನ ಮಧ್ಯದಲ್ಲೇ ದನಿ ಮೂಗಿಗೆ ಜಾರಿತು, ಆದರೂ ಹೇಳಿ ಮುಟ್ಟಿಸಿದೆ. ಮೂರನೆಯದಕ್ಕೆ ಬಾಯಿ ತೆರೆದೆ. ದವಡೆ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಎಲ್ಲರೆದುರು ಗದ್ದಕ್ಕೆ ಕೈ ಕೊಟ್ಟು ಎತ್ತಿದೆ. ಇನ್ನೊಂದು ಕೈಯಿಂದ ರೆಪ್ಪೆ ಎತ್ತಿ ಹಿಡಿದೆ, ಮಗಳನ್ನು ಕೊಡುವವನು ಕಣ್ಣು ಮುಚ್ಚಿಕೊಂಡು ಕೊಡಬಾರದು. ಎಲೆ ಅಡಿಕೆ ಮಡಿಲಿಗೆ ಬಿತ್ತು. ಉಸಿರು ಬಂತು, ತುಟಿ ಅಲುಗಿತು, ದನಿ ಮಾತ್ರ ಹುಟ್ಟಲಿಲ್ಲ. ಬಾಗಿಲಲ್ಲಿ ಪಂಪಾ ನಿಂತಿದ್ದಳು. ಮತ್ತೆ ಪ್ರಯತ್ನಿಸಿದೆ. ಇಲ್ಲ. ಜೀವನದಲ್ಲಿ ಯಾವುದನ್ನೂ ಅಷ್ಟು ಬಯಸಿರಲಿಲ್ಲ. ಬರಲಿಲ್ಲ.

"ಮೂರು ಆತು" ಎಂದಳು ಎರ್ರೆಮ್ಮ.

ಪಕ್ಕೀರಪ್ಪ ಅವಳ ಕಡೆ ತಿರುಗಿದ.

"ಪಕ್ಕದಾಗ ಕುಂತೀನಿ, ನನಗ ಕೇಳೇತಿ. ಹಿಂದ ಕುಂತವ್ರಿಗೆ ಕೇಳ್ತೋ ಇಲ್ಲೋ ಹೇಳ್ರಿ" ಎಂದಳು.

ಅಂಗಳದ ಕೊನೆಯ ಸಾಲಿನಲ್ಲಿ ಅಂಜಿನಯ್ಯನ ಸೈಕಲ್ ಅಂಗಡಿಯ ಆಳುಗಳು, ಗೋಡೆಗೆ ಕುಳ್ಳು ತಟ್ಟುವ ವಿರುಪಮ್ಮ, ನೀರು ಬೆರೆಸುವ ಹಾಲಿನವನು. "ಕೇಳ್ತು, ಕೇಳ್ತು" ಎಂದು ಎಲ್ಲರೂ ಕೂಗಿದರು. ಪಕ್ಕೀರಪ್ಪ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಎತ್ತಿ ಹಿಡಿದಿದ್ದ ನನ್ನ ಕಣ್ಣು ನೋಡಿದ. ಆಮೇಲೆ ಸಕ್ಕರೆಯ ತಟ್ಟೆಗೆ ಕೈ ಹಾಕಿ, "ನನಗೂ ಕೇಳ್ತು" ಎಂದ.

ಎಲ್ಲರೂ ಸುಳ್ಳರು. ಈ ಊರು, ಆ ಊರು, ಬೀಗರು, ನೆಂಟರು, ಒಬ್ಬರಲ್ಲೂ ನಿಯತ್ತಿಲ್ಲ. ನಾನು ಮೂರನೆಯ ಸಲ ಹೇಳಲೇ ಇಲ್ಲ, ನನಗೆ ಗೊತ್ತಿಲ್ಲವೇ? ಅಷ್ಟು ಜನ ಸೇರಿ ನನಗಾಗಿ ಸುಳ್ಳು ಹೇಳಿ ಸಕ್ಕರೆ ತಿಂದು ಹೋದರು. ಇಂಥ ಸುಳ್ಳಿನ ಮೇಲೆ ನನ್ನ ಮಗಳ ಮದುವೆ ನಿಲ್ಲಬಾರದು. ಲೆಕ್ಕ ಪೂರ್ತಿಯಾಗಲಿ ಎಂದು ಮೂರನೆಯದನ್ನು ಇಲ್ಲಿ ನನ್ನ ಕೈಯಾರೆ ಬರೆಯುತ್ತಿದ್ದೇನೆ.

ನನ್ನ ಮಗಳು ಪಂಪಮ್ಮನನ್ನು ಕೊಟ್ಟೆ.